ಕಡಿಮೆ ಹಣದ ಚಿತ್ರಗಳು: ‘ಸಂಸ್ಕಾರ’ ಮತ್ತು ‘ಘಟಶ್ರಾದ್ಧ’

ಚಲನಚಿತ್ರ ತಯಾರಿಸಲು ಮೊದಲು ಬೇಕಾದದ್ದು ಹಣ ಎಂದು ನಾವೆಲ್ಲ ನಂಬಿದ್ದೇವೆ. ಆದರೆ ಕನ್ನಡದ ಎರಡು ಚಿತ್ರಗಳ ಚರಿತ್ರೆ ಬೇರೊಂದು ಮಾತು ಹೇಳುತ್ತದೆ. ಹಣ ಕಡಿಮೆಯಿದ್ದರೂ ಚಿತ್ರ ತಯಾರಾದೀತು. ನೋಡುವವರಿಲ್ಲದಿದ್ದರೆ ಅದು ಉಳಿಯದು.

1960ರ ದಶಕದಲ್ಲಿ ಕನ್ನಡ ಚಿತ್ರಗಳು ಬಹುಮಟ್ಟಿಗೆ ಮದರಾಸಿನ ಸ್ಟುಡಿಯೋಗಳಲ್ಲೇ ತಯಾರಾಗುತ್ತಿದ್ದವು. ತಾರೆಯರ ಸಂಭಾವನೆ, ಸೆಟ್ಟು, ಹಾಡು—ಬಂಡವಾಳದ ದೊಡ್ಡ ಪಾಲು ಇವಕ್ಕೇ ಹೋಗುತ್ತಿತ್ತು. ಹಂಚಿಕೆದಾರರು ಕೇಳುತ್ತಿದ್ದುದೂ ಇವನ್ನೇ. ಅದೇ ಮದರಾಸಿನಲ್ಲಿ ಹವ್ಯಾಸಿ ರಂಗಭೂಮಿಯ ನಂಟಿದ್ದ ಕೆಲವು ಗೆಳೆಯರು ಯು. ಆರ್. ಅನಂತಮೂರ್ತಿಯವರ 1965ರ ಕಾದಂಬರಿ ‘ಸಂಸ್ಕಾರ’ವನ್ನು ತೆರೆಗೆ ತರಲು ಹೊರಟರು. ಆಚಾರ ಮೀರಿ ಬಾಳಿದ ನಾರಣಪ್ಪ ಸತ್ತಾಗ ಅವನ ಹೆಣವನ್ನು ಸುಡುವವರು ಯಾರು ಎಂದು ಅಗ್ರಹಾರ ತಬ್ಬಿಬ್ಬಾಗುವ ಕಥೆ ಅದು. ಅದರಲ್ಲಿ ಹಾಡಿಗೂ ಕುಣಿತಕ್ಕೂ ಎಡೆ ಎಲ್ಲಿ?

ನಿರ್ಮಾಪಕ-ನಿರ್ದೇಶಕ ಪಟ್ಟಾಭಿರಾಮ ರೆಡ್ಡಿಯವರು ತೆಲುಗು ಕವಿಗಳು, ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿದವರು. ಗಿರೀಶ್ ಕಾರ್ನಾಡರು ಚಿತ್ರಕಥೆ ಬರೆದು ಪ್ರಾಣೇಶಾಚಾರ್ಯರ ಪಾತ್ರ ವಹಿಸಿದರು. ಪಿ. ಲಂಕೇಶರು ನಾರಣಪ್ಪನಾದರು, ನಿರ್ದೇಶಕರ ಪತ್ನಿ ಸ್ನೇಹಲತಾ ರೆಡ್ಡಿಯವರು ಚಂದ್ರಿಯಾದರು. ಛಾಯಾಗ್ರಹಣ ಆಸ್ಟ್ರೇಲಿಯದ ಟಾಮ್ ಕೋವನ್ ಅವರದು, ಸಂಗೀತ ಸರೋದ್ ವಾದಕ ರಾಜೀವ ತಾರಾನಾಥರದು, ಕಲಾ ನಿರ್ದೇಶನ ಚಿತ್ರಕಾರ ಎಸ್. ಜಿ. ವಾಸುದೇವರದು. ಸ್ಟುಡಿಯೋ ಬಿಟ್ಟು ಶೃಂಗೇರಿ ಸೀಮೆಯ ವೈಕುಂಠಪುರಕ್ಕೆ ಹೋಗಿ ಕಪ್ಪು-ಬಿಳುಪಿನಲ್ಲಿ ಚಿತ್ರ ತೆಗೆದರು. ಸೆಟ್ಟಿನ ಖರ್ಚು ಉಳಿಯಿತು. ಮಲೆನಾಡಿನ ನಿಜವಾದ ಜಗಲಿ, ಅಂಗಳಗಳು ತೆರೆಗೆ ಬಂದವು. ಸ್ನೇಹವೇ ಇಲ್ಲಿ ಮೊದಲ ಬಂಡವಾಳ ಎಂದರೆ ತಪ್ಪಾಗಲಾರದು.

ಕಷ್ಟ ಬಂದದ್ದು ಚಿತ್ರ ಮುಗಿದ ಮೇಲೆ. ಒಂದು ಸಮುದಾಯದ ಭಾವನೆಗೆ ನೋವಾದೀತೆಂದು ಮದರಾಸಿನ ಸೆನ್ಸಾರ್ ಮಂಡಳಿ ಅನುಮತಿ ನಿರಾಕರಿಸಿತು. ಸಣ್ಣ ನಿರ್ಮಾಪಕನಿಗೆ ಇದರ ಅರ್ಥವೇನೆಂದು ಯೋಚಿಸಬೇಕು: ಹಾಕಿದ ಹಣವೆಲ್ಲ ಡಬ್ಬದಲ್ಲಿ ಮುಚ್ಚಿಕೊಂಡು ಕೂರುತ್ತದೆ. ಪತ್ರಿಕೆಗಳಲ್ಲಿ ಚರ್ಚೆಯಾಯಿತು. ಕೊನೆಗೆ ಕೇಂದ್ರ ಸರ್ಕಾರ ನಿಷೇಧವನ್ನು ತೆಗೆಯಿತು. 1970ರ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪತಿಗಳ ಸ್ವರ್ಣಪದಕ ಬಂದಾಗ, ಆ ಗೌರವ ಪಡೆದ ಮೊದಲ ಕನ್ನಡ ಚಿತ್ರ ಅದಾಯಿತು. ಜಾಹೀರಾತಿಗೆ ಹಣವಿಲ್ಲದ ಚಿತ್ರಕ್ಕೆ ವಿವಾದವೂ ಪದಕವೂ ಪ್ರಚಾರ ಒದಗಿಸಿದವು. ಅದು ತೆರೆದ ದಾರಿಯಲ್ಲಿ ‘ವಂಶವೃಕ್ಷ’, ‘ಕಾಡು’, ‘ಚೋಮನ ದುಡಿ’ ಬಂದವು.

1977ರಲ್ಲಿ ಗಿರೀಶ್ ಕಾಸರವಳ್ಳಿಯವರ ಮೊದಲ ಚಿತ್ರ ‘ಘಟಶ್ರಾದ್ಧ’ ಬಂತು. ಅದರ ಕಥೆಯೂ ಅನಂತಮೂರ್ತಿಯವರದೇ. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿತು ಬಂದ ಈ ತರುಣನನ್ನು ನಂಬಿ ಹಣ ಹಾಕಿದವರು ಸದಾನಂದ ಸುವರ್ಣರು, ಮುಂಬಯಿಯ ಕನ್ನಡ ರಂಗಭೂಮಿಯಲ್ಲಿ ದುಡಿದವರು. ಹೊರನಾಡ ಕನ್ನಡಿಗರೊಬ್ಬರ ನಂಬಿಕೆಯಿಂದ ಹುಟ್ಟಿದ ಈ ಚಿತ್ರಕ್ಕೂ ಸ್ವರ್ಣಕಮಲ ದೊರೆಯಿತು.

ಪ್ರಶಸ್ತಿ ಫಿಲ್ಮನ್ನು ಕಾಪಾಡುವುದಿಲ್ಲ. ಸೆಲ್ಯುಲಾಯ್ಡ್ ಸೆಕೆ, ತೇವಗಳಿಗೆ ಹಾಳಾಗುತ್ತದೆ. ‘ಘಟಶ್ರಾದ್ಧ’ದ ಮೂಲ ನೆಗೆಟಿವ್ ಪುಣೆಯ ರಾಷ್ಟ್ರೀಯ ಭಂಡಾರದಲ್ಲಿ ಉಳಿದಿತ್ತು. ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಶನ್, ಅಮೆರಿಕದ ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸಿ ಸ್ಥಾಪಿಸಿದ ಫಿಲ್ಮ್ ಫೌಂಡೇಶನ್ ಜೊತೆಗೂಡಿ ಅದನ್ನು ಹೊಸದಾಗಿಸಿ, 2024ರಲ್ಲಿ ವೆನಿಸ್ ಉತ್ಸವದಲ್ಲಿ ತೋರಿಸಿದವು. ಅದಕ್ಕೆ ಕೆಲವೇ ವಾರಗಳ ಮೊದಲು ಸುವರ್ಣರು ತೀರಿಕೊಂಡಿದ್ದರು. ಚಿತ್ರವನ್ನು ಉಳಿಸಲು ಹಣ ಬಂದದ್ದು ಅಮೆರಿಕದಿಂದ, ಕನ್ನಡವರಿಯದವರಿಂದ. ಇದು ನಮಗೆ ಸಂತೋಷದ ಸಂಗತಿ. ಸ್ವಲ್ಪ ನಾಚಿಕೆಯದೂ ಹೌದು.

ವಾಷಿಂಗ್ಟನ್ನಿನ ಸುತ್ತಮುತ್ತ, ಅಟ್ಲಾಂಟಾದಲ್ಲಿ, ಎರಡೂ ಕ್ಯಾರೊಲೈನಾಗಳಲ್ಲಿ ಇರುವ ನಾವು ಏನು ಮಾಡಬಹುದು? ಸಿಲ್ವರ್ ಸ್ಪ್ರಿಂಗಿನಲ್ಲಿ ಅಮೆರಿಕನ್ ಫಿಲ್ಮ್ ಇನ್‌ಸ್ಟಿಟ್ಯೂಟಿನ ಚಿತ್ರಮಂದಿರವಿದೆ. ಅಟ್ಲಾಂಟಾದ ಎಮೊರಿ, ಡರ್ಹಮ್ಮಿನ ಡ್ಯೂಕ್ ವಿಶ್ವವಿದ್ಯಾಲಯಗಳಲ್ಲಿ ಸಿನಿಮಾ ಕಲಿಸುತ್ತಾರೆ. ಎ. ಕೆ. ರಾಮಾನುಜನ್ ಅವರು 1976ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಅನುವಾದದಿಂದ ‘ಸಂಸ್ಕಾರ’ ಈ ದೇಶದ ತರಗತಿಗಳಿಗೆ ಆಗಲೇ ಬಂದಿದೆ. ಚಿತ್ರಗಳನ್ನೂ ತರಿಸಿರೆಂದು ಕೇಳುವುದು ನಮ್ಮ ಕೆಲಸ. ಕೇಳಿದ ಮೇಲೆ ಟಿಕೆಟ್ ಕೊಂಡು, ಮಕ್ಕಳನ್ನೂ ನೆರೆಯವರನ್ನೂ ಕರೆದುಕೊಂಡು ಹೋಗಿ ಕೂರಬೇಕು. ಹಬ್ಬದೂಟದ ಜೊತೆ ಪುಕ್ಕಟೆ ತೋರಿಸುವ ಚಿತ್ರದಿಂದ ನಿರ್ಮಾಪಕನಿಗೆ ಏನೂ ದಕ್ಕುವುದಿಲ್ಲ. ಮುಂದಿನ ಸುವರ್ಣರು ಮುಂದೆ ಬರಬೇಕಾದರೆ, ನಾವು ಇಲ್ಲಿ ಕೊಳ್ಳುವ ಟಿಕೆಟ್ಟೂ ಅವರ ಲೆಕ್ಕದಲ್ಲಿ ಸೇರಬೇಕು.