ಪಾರಿಜಾತದ ನಗೆಗಾತಿ: ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಹಾಸ್ಯನಟಿ ಮತ್ತು ಅಣಕು ಗಾಯನ

ಶ್ರೀಕೃಷ್ಣ ಪಾರಿಜಾತವು ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ರಾತ್ರಿಯಿಡೀ ನಡೆಯುವ ಹಾಡುಪ್ರಧಾನ ಆಟ. ಜನಪದ ರಂಗಭೂಮಿಯನ್ನು ವಿಂಗಡಿಸುವವರು ಇದನ್ನು ಸಣ್ಣಾಟದ ಸಾಲಿಗೆ ಸೇರಿಸುತ್ತಾರೆ. ಕುಣಿತ, ಕಿರೀಟ, ಯುದ್ಧಗಳ ಅಬ್ಬರ ದೊಡ್ಡಾಟದ್ದು. ಇಲ್ಲಿರುವುದು ಒಂದು ಹೂವು, ಇಬ್ಬರು ಸವತಿಯರು, ಅವರ ನಡುವೆ ಸಿಕ್ಕಿಬಿದ್ದ ಒಬ್ಬ ಗಂಡ. ನಾರದ ತಂದ ಪಾರಿಜಾತವನ್ನು ಕೃಷ್ಣ ರುಕ್ಮಿಣಿಗೆ ಕೊಡುತ್ತಾನೆ, ಸುದ್ದಿ ತಿಳಿದ ಸತ್ಯಭಾಮೆ ಮುನಿಯುತ್ತಾಳೆ, ಅವಳನ್ನು ಒಲಿಸಲು ಕೃಷ್ಣ ಪಡುವ ಪಾಡೇ ಆಟದ ಮೈ. ಈ ಕಥೆಯನ್ನು ಹಾಡುಗಳಲ್ಲಿ ಕಟ್ಟಿದವನು ಅಪರಾಳ ತಮ್ಮಣ್ಣ. ಅದನ್ನು ತಿದ್ದಿ, ಬೆಳೆಸಿ, ರಂಗಕ್ಕೆ ಒಗ್ಗಿಸಿದವನು ಕುಲಗೋಡ ತಮ್ಮಣ್ಣ. ಕುಲಗೋಡ ಹಳೆಯ ಗೋಕಾಕ ತಾಲ್ಲೂಕಿನ ಊರು, ಈಗಿನ ಮೂಡಲಗಿ ಭಾಗದ್ದು. ಹೀಗಾಗಿ ಪಾರಿಜಾತಕ್ಕೆ ಇಂದಿನ ರೂಪ ಬಂದದ್ದು ಘಟಪ್ರಭೆಯ ಈ ಬಯಲಿನಲ್ಲಿ ಎಂದು ಹೇಳಬಹುದು. ಈ ಆಟದ ಇತಿಹಾಸವನ್ನು ಸಾಮಾನ್ಯವಾಗಿ ಭಾಮೆಯ ಪಾತ್ರಧಾರಿಗಳ, ಭಾಗವತರ ಇತಿಹಾಸವಾಗಿ ಬರೆಯುತ್ತಾರೆ. ಅದನ್ನು ಹಾಸ್ಯನಟಿಯ ಇತಿಹಾಸವಾಗಿ ಓದಿದರೆ ಮಾತ್ರ ಆಟ ಇಷ್ಟು ಕಾಲ ಯಾಕೆ ಬದುಕಿತೆಂಬುದು ಪೂರ್ತಿ ತಿಳಿಯುತ್ತದೆ ಎಂಬುದು ಈ ಲೇಖನದ ನಿಲುವು. ಗೊಲ್ಲತಿ, ದೂತಿ, ಕೊರವಂಜಿ ಎಂಬ ಮೂರು ಹೆಣ್ಣು ಪಾತ್ರಗಳು ಕಥೆಯ ನಡುವೆ ಬರುವ ಬಿಡುವಿನ ನಗೆಯಷ್ಟೇ ಆಗಿದ್ದರೆ ಯಾವಾಗಲೋ ಉದುರಿಹೋಗುತ್ತಿದ್ದವು. ಆಟದ ನ್ಯಾಯತೀರ್ಮಾನ ನಡೆಯುವುದು ಅವರ ಬಾಯಲ್ಲಿ.

ಗೊಲ್ಲತಿಯನ್ನೇ ಮೊದಲು ನೋಡೋಣ. ತಲೆಯ ಮೇಲೆ ಗಡಿಗೆ ಹೊತ್ತು ಹಾಲು ಮೊಸರು ಮಾರಲು ಹೊರಟವಳನ್ನು ಅಡ್ಡಗಟ್ಟಿ ಮಾತಿಗೆಳೆಯುತ್ತಾರೆ. ಯಾರ ಮನೆಯವಳು, ಗಂಡ ಎಲ್ಲಿ, ಹಾಲಿಗೆ ನೀರು ಎಷ್ಟು ಹಾಕಿದ್ದೀಯ ಎಂದು ಒಂದೊಂದೇ ಪ್ರಶ್ನೆ. ಅವಳು ಒಂದಕ್ಕೂ ನೇರವಾಗಿ ಉತ್ತರ ಕೊಡುವುದಿಲ್ಲ, ಕೇಳಿದವನ ಪ್ರಶ್ನೆಯನ್ನೇ ತಿರುವಿ ಅವನ ಮೇಲೆ ಹಾಕುತ್ತಾಳೆ. ಹಾಡು ಮೊದಲೇ ಕಟ್ಟಿದ್ದು, ಅದರ ನಡುವಿನ ಮಾತು ಆ ರಾತ್ರಿಯದು. ಊರಿನ ಬರ, ಕಬ್ಬಿನ ಬಿಲ್ಲು, ಜಾತ್ರೆಯ ಜಗಳ, ಎದುರಿಗೆ ಕೂತ ದೊಡ್ಡವರ ದರ್ಪ ಎಲ್ಲವೂ ಆ ಮಾತಿನೊಳಗೆ ನುಗ್ಗಬಲ್ಲವು. ದೂತಿಯ ಕೆಲಸ ಇನ್ನೂ ಕಠಿಣ. ಆಕೆ ಭಾಮೆಯ ಸಖಿ, ಅವಳ ಪರ ವಕಾಲತ್ತು ವಹಿಸಬೇಕಾದವಳು. ಆದರೂ ಒಡತಿಯ ಜಂಭವನ್ನು ಪ್ರೇಕ್ಷಕರೆದುರು ಬಿಚ್ಚಿಡುವವಳೂ ಅವಳೇ. ಭಾಗವತ ಹಿಮ್ಮೇಳದಿಂದ ಕೆಣಕುತ್ತಾನೆ, ದೂತಿ ಭಾಮೆಯ ಹಾಡನ್ನು ಅರ್ಧ ಅವಳದೇ ಧಾಟಿಯಲ್ಲಿ, ಅರ್ಧ ತನ್ನ ಕೊಂಕಿನಲ್ಲಿ ಹೇಳಿ ತೋರಿಸುತ್ತಾಳೆ. ಭಾಮೆ ಕರುಣೆಯಿಂದ ಹಾಡಿದ ಸ್ವರ ದೂತಿಯ ಬಾಯಲ್ಲಿ ಮೂಗಿನಿಂದ ಹೊರಟಾಗ ಜನ ನಗುತ್ತಾರೆ. ಅದೇ ಕ್ಷಣದಲ್ಲಿ ಅವರಿಗೆ ಭಾಮೆಯ ಕರುಣೆಯಲ್ಲಿ ಎಷ್ಟು ದುಃಖ, ಎಷ್ಟು ಹಟ ಎಂಬುದೂ ಗೊತ್ತಾಗುತ್ತದೆ. ಪೇಟಿ, ತಬಲಾ, ತಾಳ ಮೂರೇ ವಾದ್ಯಗಳ ನಡುವೆ ಈ ಕೆಲಸ ನಡೆಯಬೇಕು. ಸ್ವರದ ಮೇಲೆ ಹಿಡಿತವಿಲ್ಲದ ನಟಿಯ ಅಣಕು ಬರೀ ಕೆಟ್ಟ ಹಾಡಾಗಿ ಉಳಿಯುತ್ತದೆ. ಈ ಪಾತ್ರಕ್ಕೆ ಮೇಳದಲ್ಲಿ ಒಳ್ಳೆಯ ಗಾಯಕಿಯೇ ಬೇಕಾಗುವುದು ಇದರಿಂದಲೇ.

ಮೂರನೆಯ ಪಾತ್ರ ಕೊರವಂಜಿ. ಮುನಿದ ಭಾಮೆಯ ಮನೆಗೆ ಕೃಷ್ಣ ಕಣಿ ಹೇಳುವ ಹೆಂಗಸಿನ ಸೋಗಿನಲ್ಲಿ ಬರುತ್ತಾನೆ. ತಾನು ತಿರುಗಿದ ನಾಡುಗಳ ಹೆಸರು ಹೇಳುತ್ತಾನೆ, ಕೈ ನೋಡುತ್ತಾನೆ, ಹಳೆಯ ಸೀರೆ, ಮೊರದ ತುಂಬ ಕಾಳು ಕೇಳುತ್ತಾನೆ. ಕಣಿ ಹೇಳುವವರ ರಾಗದ ಎಳೆತ, ಅವರ ನುಡಿಗಟ್ಟು, ಕೈಯಲ್ಲಿರುವ ಕೋಲಿನ ಆಟ ಎಲ್ಲವನ್ನೂ ಅನುಕರಿಸುವ ಈ ಭಾಗ ಕನ್ನಡ ರಂಗಭೂಮಿಯ ಅಣಕು ಗಾಯನದ ಅತ್ಯುತ್ತಮ ಮಾದರಿಗಳಲ್ಲಿ ಒಂದು. ದೇವರು ಇಲ್ಲಿ ಊರ ಹೊರಗಿನ ಬಡ ಹೆಂಗಸಿನ ನಾಲಗೆ ಸಾಲ ಪಡೆಯುತ್ತಾನೆ, ಅರಮನೆಯ ಹೆಣ್ಣು ಆ ಹೆಂಗಸಿನ ಮಾತನ್ನು ನಂಬುತ್ತಾಳೆ. ಕೃಷ್ಣನಾಗಿ ಹೇಳಲಾಗದ ಸತ್ಯವನ್ನು ಅವನು ಕೊರವಂಜಿಯಾಗಿ ಹೇಳಬೇಕಾಗುತ್ತದೆ. ಈ ಪಾತ್ರದ ಶಕ್ತಿ ರಂಗದಾಚೆಗೂ ಹಬ್ಬಿತು. ಡಾ. ಎಂ. ಶಿವರಾಂ ಅವರು 1942ರಲ್ಲಿ ಕನ್ನಡದ ಹಾಸ್ಯ ಪತ್ರಿಕೆಯನ್ನು ಆರಂಭಿಸಿದಾಗ ಅದಕ್ಕಿಟ್ಟ ಹೆಸರು ಕೊರವಂಜಿ. ನಗಿಸುತ್ತಲೇ ಭವಿಷ್ಯ ಹೇಳುವ ಹೆಂಗಸು ಎಂಬ ಕಲ್ಪನೆ ಮೈಸೂರು ಸೀಮೆಯ ಓದುಗರಿಗೂ ಅಷ್ಟು ಪರಿಚಿತವಾಗಿತ್ತು.

ಈ ಪಾತ್ರಗಳನ್ನು ಬಹುಕಾಲ ಆಡಿದವರು ಗಂಡಸರು. ಆಗ ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು, ಮರಾಠಿ ರಂಗಭೂಮಿಯ ಗಾಳಿ ಬಲವಾಗಿತ್ತು, ಹೆಣ್ಣು ಸೋಗು ಹಾಕುವುದು ಗೌರವದ ಕಲೆಯಾಗಿತ್ತು. ಮರಾಠಿ ನಟ ಬಾಲಗಂಧರ್ವರು ಸ್ತ್ರೀ ಪಾತ್ರಗಳಿಂದಲೇ ದಂತಕಥೆಯಾದರು. ಸವದತ್ತಿ ತಾಲ್ಲೂಕಿನ ಏಣಗಿ ಬಾಳಪ್ಪನವರು ಹರೆಯದಲ್ಲಿ ಸ್ತ್ರೀ ಪಾತ್ರಗಳಿಂದ ಹೆಸರು ಮಾಡಿ ಆಮೇಲೆ ದೊಡ್ಡ ಕಂಪನಿಯ ಮಾಲೀಕರಾದರು. ಇಂಥ ಕಾಲದಲ್ಲಿ ಪಾರಿಜಾತದ ರಂಗಕ್ಕೆ ಬಂದವರು ಕೌಜಲಗಿ ನಿಂಗಮ್ಮ. ಆಟದ ಚರಿತ್ರೆ ಹೇಳುವವರು ಪಾರಿಜಾತಕ್ಕೆ ಮೊದಲು ಬಂದ ಹೆಣ್ಣುಮಕ್ಕಳ ಸಾಲಿನಲ್ಲಿ ಅವರ ಹೆಸರನ್ನೇ ಎತ್ತುತ್ತಾರೆ. ಕೌಜಲಗಿ ಗೋಕಾಕ ಸೀಮೆಯ ಊರು. ಊರಿನ ಹೆಸರು ನಟಿಯ ಹೆಸರಿಗೆ ಅಂಟಿ ನಿಂತದ್ದು ಆಕೆಯ ಖ್ಯಾತಿಗೆ ಸಾಕ್ಷಿ, ಈ ಭಾಗದಲ್ಲಿ ಆ ಮನ್ನಣೆ ಎಲ್ಲರಿಗೂ ಸಿಗುವಂಥದಲ್ಲ. ಪಕ್ಕದ ಬೀಳಗಿಯಿಂದ ಅಮೀರಬಾಯಿ ಮತ್ತು ಗೋಹರಬಾಯಿ ಕರ್ನಾಟಕಿ ಸೋದರಿಯರು ಹೊರಟದ್ದೂ ಸ್ವಾತಂತ್ರ್ಯಪೂರ್ವದ ಆ ದಶಕಗಳಲ್ಲೇ. ಅಮೀರಬಾಯಿ ಹಿಂದಿ ಚಿತ್ರಗಳ ಗಾಯಕಿಯಾದರು, ಗೋಹರಬಾಯಿ 1938ರಲ್ಲಿ ಬಾಲಗಂಧರ್ವರ ಕಂಪನಿ ಸೇರಿ ಅಲ್ಲಿಯ ನಾಯಕಿಯಾದರು. ಹೆಣ್ಣಿನ ಪಾತ್ರ ಹೆಣ್ಣಿಗೇ ಬಂದ ಈ ತಿರುವು ಹಾಸ್ಯದಲ್ಲಿ ಉಂಟುಮಾಡಿದ ಬದಲಾವಣೆ ನಾಯಕಿಯ ಪಾತ್ರದಲ್ಲಿ ಆದದ್ದಕ್ಕಿಂತ ಆಳವಾದದ್ದು. ಗಂಡಸು ಗೊಲ್ಲತಿಯಾದಾಗ ನಗೆಯ ಒಂದು ಪಾಲು ಅವನ ಸೋಗಿನ ಮೇಲೆ, ಇನ್ನೊಂದು ಪಾಲು ಹೆಂಗಸರ ಬಾಯಿಬಡುಕತನದ ಮೇಲೆ ಬೀಳುತ್ತಿತ್ತು. ಹೆಣ್ಣೇ ಗೊಲ್ಲತಿಯಾದಾಗ ಅಡ್ಡಗಟ್ಟಿದವನೇ ನಗೆಪಾಟಲಾದ. ಮಾತು ಅದೇ, ಹಾಡೂ ಅದೇ, ಆದರೆ ನಗೆ ಯಾರ ಮೇಲೆ ಬೀಳಬೇಕೆಂಬುದು ಬದಲಾಯಿತು.

ಇದಕ್ಕೆ ಒಂದು ಗಂಭೀರ ಆಕ್ಷೇಪವಿದೆ. ರಂಗಕ್ಕೆ ಬಂದ ಹೆಣ್ಣುಮಕ್ಕಳಲ್ಲಿ ಅನೇಕರು ದೇವದಾಸಿ, ಬಸವಿ ಪದ್ಧತಿಗೆ ಸಿಕ್ಕಿದ ಕುಟುಂಬಗಳವರು. ಅವರ ಮೇಲೆ ಊರ ಗಂಡಸರ ಕಣ್ಣು ಹೇಗಿತ್ತೆಂದು ಎಲ್ಲರಿಗೂ ಗೊತ್ತು. ಅಂಥವರ ನಗೆಮಾತು ಸ್ವತಂತ್ರ ದನಿಯಾಗಲು ಹೇಗೆ ಸಾಧ್ಯ, ಅದು ಗಿರಾಕಿಗಳನ್ನು ರಂಜಿಸುವ ಕಸುಬಾಗಿತ್ತಲ್ಲವೇ ಎಂದು ಕೇಳುತ್ತಾರೆ. ಈ ಪ್ರಶ್ನೆಯನ್ನು ತಳ್ಳಿಹಾಕಲಾಗದು. ಮುಂಬಯಿ ಸರ್ಕಾರ 1934ರಲ್ಲಿ, ಕರ್ನಾಟಕ ಸರ್ಕಾರ 1982ರಲ್ಲಿ ಆ ಪದ್ಧತಿಯ ವಿರುದ್ಧ ಕಾನೂನು ತರಬೇಕಾಯಿತೆಂದರೆ ಶೋಷಣೆ ಎಷ್ಟು ಬೇರೂರಿತ್ತೆಂದು ಊಹಿಸಬಹುದು. ಆದರೂ ರಂಗದ ಮೇಲಿನ ವ್ಯವಹಾರವನ್ನು ಗಮನಿಸಿದರೆ ಆಕ್ಷೇಪ ಅರ್ಧ ಮಾತ್ರ ನಿಲ್ಲುತ್ತದೆ. ಆಹೇರಿಯ ಪದ್ಧತಿಯನ್ನೇ ತೆಗೆದುಕೊಳ್ಳಿ. ಮೆಚ್ಚಿದ ಪ್ರೇಕ್ಷಕ ನೋಟು ಕೊಡುತ್ತಾನೆ, ಅವನ ಹೆಸರು ಕೂಗಲಾಗುತ್ತದೆ, ನಟಿ ಆ ಹೆಸರನ್ನು ಹಾಡಿನೊಳಗೆ ಸೇರಿಸಿ ಹರಸಬೇಕು. ಮೇಲ್ನೋಟಕ್ಕೆ ಇದು ಹಣವಂತನ ಮುಂದೆ ಕಲೆ ತಲೆಬಾಗಿದಂತೆ. ಆದರೆ ಹೆಸರು ಒಮ್ಮೆ ಆಕೆಯ ಹಾಡಿಗೆ ಬಂದಮೇಲೆ ಅದರ ಜೊತೆ ಯಾವ ವಿಶೇಷಣ ಕೂಡಬೇಕು, ಯಾವ ಸ್ವರದಲ್ಲಿ ಎಳೆಯಬೇಕು ಎಂಬುದು ಆಕೆಯ ಕೈಯಲ್ಲಿತ್ತು. ಹೊಗಳಿಕೆಯ ಧಾಟಿಯಲ್ಲೇ ಚುಚ್ಚುವ ಕಲೆ ದೂತಿಯ ಪಾತ್ರದಿಂದಲೇ ಕಲಿತದ್ದು. ನಾಲ್ಕು ಜನರೆದುರು ಅಂಥ ಹಾಡು ಕೇಳಿದವನು ನಕ್ಕು ಸುಮ್ಮನಾಗಬೇಕೇ ಹೊರತು ಸಿಟ್ಟು ತೋರಿಸುವಂತಿರಲಿಲ್ಲ. ಬದುಕಿನಲ್ಲಿ ಕಸಿದುಕೊಂಡ ಮಾತಿನ ಹಕ್ಕನ್ನು ರಾತ್ರಿಯೊಂದರ ಮಟ್ಟಿಗಾದರೂ ಪಾತ್ರ ಆಕೆಗೆ ಕೊಡುತ್ತಿತ್ತು. ಅದು ಸಣ್ಣ ಲಾಭ, ಆದರೆ ನಿಜವಾದ ಲಾಭ.

ಇನ್ನೊಂದು ಆಕ್ಷೇಪ ಸಂಗೀತದ ಕಡೆಯಿಂದ ಬರುತ್ತದೆ. ಪಾರಿಜಾತದ ಮೇಳಗಳು ಮರಾಠಿ ನಾಟ್ಯಸಂಗೀತದ ಧಾಟಿಗಳನ್ನು, ಆಮೇಲೆ ಕಂಪನಿ ನಾಟಕದ, ಸಿನಿಮಾದ ಮಟ್ಟುಗಳನ್ನು ಎರವಲು ತಂದು ಹಳೆಯ ಹಾಡಿನ ಅಂದಗೆಡಿಸಿದವು, ಅಣಕು ಹಾಡು ಈ ಕೇಡಿನ ಬಾಗಿಲು ಎಂಬುದು ಶುದ್ಧಿವಾದಿಗಳ ದೂರು. ಎರವಲು ನಡೆದದ್ದು ನಿಜ. ಆದರೆ ಹಿಂದುಸ್ತಾನಿ ರಾಗಗಳ ನೆರಳಿಲ್ಲದ ಶುದ್ಧ ಪಾರಿಜಾತ ಎಂಬುದೇ ಇಲ್ಲ, ಆಟ ಬೆಳೆದದ್ದೇ ಮಿಶ್ರಣದಿಂದ. ಅಣಕು ಹಾಡಿಗೆ ಕೇಳುಗನಿಗೆ ಮೊದಲೇ ಗೊತ್ತಿರುವ ಮಟ್ಟು ಬೇಕು. ಮೂಲದ ನೆನಪು ಮತ್ತು ಹೊಸ ಮಾತಿನ ನಡುವಿನ ಅಂತರದಲ್ಲೇ ನಗೆ ಹುಟ್ಟುತ್ತದೆ. ಬೆಲ್ಲದ ಬಾಗೇವಾಡಿಯಂಥ ಬೆಲ್ಲದ ಪೇಟೆಗೆ ಗಾಡಿ ಹೊಡೆದು ಬಂದ ರೈತನಿಗೆ ನಾಟಕದ ಪದ, ಭಜನೆಯ ಪದ, ಲಾವಣಿ ಎಲ್ಲವೂ ಬಾಯಿಪಾಠವಾಗಿದ್ದವು. ಆ ಕಿವಿಯನ್ನು ನಂಬಿಯೇ ನಟಿ ಅಣಕಿಸಬಲ್ಲವಳಾಗಿದ್ದಳು. ಕೆಟ್ಟ ಎರವಲುಗಳು ಬಂದವು, ಹೋದವು. ಗೊಲ್ಲತಿಯ ಮೂಲ ಹಾಡು ಉಳಿಯಿತು. ಅದನ್ನು ಅಣಕಿಸಲು ಮೊದಲು ಸರಿಯಾಗಿ ಹಾಡಲೇಬೇಕಿತ್ತು.

ನೆರೆಯ ನಾಡುಗಳ ಜೊತೆ ಹೋಲಿಸಿದರೆ ಈ ಸೀಮೆಯ ವಿಶೇಷ ಇನ್ನೂ ಸ್ಪಷ್ಟವಾಗುತ್ತದೆ. ಮರಾಠಿ ತಮಾಷಾದ ಗೌಳಣ ಭಾಗದಲ್ಲೂ ಮಥುರೆಯ ಸಂತೆಗೆ ಹೊರಟ ಗೊಲ್ಲತಿಯರನ್ನು ಅಡ್ಡಗಟ್ಟುತ್ತಾರೆ, ಆದರೆ ಅಲ್ಲಿ ನಗೆಯ ಮುಖ್ಯ ಹೊರೆ ಹೊರುವುದು ಮಾವಶಿ ಎಂಬ ಮುದುಕಿಯ ಪಾತ್ರ, ಅದನ್ನು ಆಡುವವನು ಗಂಡಸು. ಆಂಧ್ರದ ಕೂಚಿಪುಡಿಯ ಭಾಮಾಕಲಾಪವೂ ಇದೇ ಸತ್ಯಭಾಮೆಯ ಕಥೆ. ಅಲ್ಲಿ ವೇದಾಂತಂ ಸತ್ಯನಾರಾಯಣ ಶರ್ಮರಂಥ ಗಂಡು ಕಲಾವಿದರೇ ಇಪ್ಪತ್ತನೆಯ ಶತಮಾನದ ಮಹಾ ಭಾಮೆಯರಾದರು. ನೆರೆಯ ಎರಡೂ ಕಲೆಗಳಲ್ಲಿ ಈ ನಗೆ ಗಂಡಸರ ಕೈಯಲ್ಲೇ ಇದ್ದಾಗ ಪಾರಿಜಾತದಲ್ಲಿ ಅದು ಹೆಂಗಸರ ಬಾಯಿಗೆ ದಾಟಿತು. ಇದು ಸಣ್ಣ ವ್ಯತ್ಯಾಸವಲ್ಲ.

ಈ ಪರಂಪರೆ ಆಧುನಿಕ ರಂಗಭೂಮಿಗೆ ಹರಿದದ್ದು ಬಹುಮಟ್ಟಿಗೆ ಚಂದ್ರಶೇಖರ ಕಂಬಾರರ ಮೂಲಕ. ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ 1937ರಲ್ಲಿ ಹುಟ್ಟಿದ ಅವರು ಈ ಆಟಗಳನ್ನು ನೋಡುತ್ತ ಬೆಳೆದವರು, ಉತ್ತರ ಕರ್ನಾಟಕದ ಜನಪದ ರಂಗಭೂಮಿಯ ಮೇಲೆಯೇ ಸಂಶೋಧನೆ ಮಾಡಿದವರು. 1972ರಲ್ಲಿ ಬಿ.ವಿ. ಕಾರಂತರು ರಂಗಕ್ಕೆ ತಂದ ಅವರ ಜೋಕುಮಾರಸ್ವಾಮಿ ನಾಟಕದಲ್ಲಿ ಸೂತ್ರಧಾರ, ಹಿಮ್ಮೇಳಗಳ ಕೆಣಕುಮಾತು ಬಯಲಾಟದ್ದು. ಆಳುವ ಗೌಡನ ಗಂಡಸುತನವನ್ನು ಹೆಣ್ಣುಗಳ ಮಾತು ಬಯಲಿಗೆಳೆಯುವ ಕ್ರಮದಲ್ಲಿ ಗೊಲ್ಲತಿ, ದೂತಿಯರ ಒಡಹುಟ್ಟುತನ ಎದ್ದು ಕಾಣುತ್ತದೆ. ಕಂಬಾರರ ಕರಿಮಾಯಿ ಕಾದಂಬರಿಯನ್ನು ರಂಗಕ್ಕೆ ತಂದ ಬಿ. ಜಯಶ್ರೀಯವರು ಗುಬ್ಬಿ ವೀರಣ್ಣನವರ ಮೊಮ್ಮಗಳು, ಕಂಪನಿ ಪರಂಪರೆಯ ಗಂಟಲುಳ್ಳವರು. ಹಳ್ಳಿಯ ನುಡಿ, ನಗೆ, ಹಾಡು ಮೂರನ್ನೂ ಒಂದೇ ಉಸಿರಿನಲ್ಲಿ ನಿಭಾಯಿಸುವ ನಟಿಯರು ಕನ್ನಡದಲ್ಲಿ ವಿರಳ, ಅವರಲ್ಲಿ ಜಯಶ್ರೀ ಮುಂದಿನ ಸಾಲಿನವರು. ಹಾಸ್ಯನಟಿ ಎಂಬ ಹಣೆಪಟ್ಟಿಯನ್ನು ದಾಟಿ ಒಡಲಾಳ ನಾಟಕದ ಸಾಕವ್ವನಾಗಿ, ಸಿನಿಮಾದಲ್ಲಿ ಗುಲಾಬಿ ಟಾಕೀಸ್‌ನ ನಾಯಕಿಯಾಗಿ ನಿಂತ ಉಮಾಶ್ರೀ 2013ರಲ್ಲಿ ವಿಧಾನಸಭೆಗೆ ಆರಿಸಿ ಬಂದದ್ದು ತೇರದಾಳದಿಂದ, ಅಂದರೆ ಪಾರಿಜಾತದ ಸೀಮೆಯಿಂದಲೇ. ಇಬ್ಬರೂ ಪಾರಿಜಾತದ ಮೇಳದಿಂದ ಬಂದವರಲ್ಲ. ನಗಿಸುವ ಹೆಣ್ಣಿಗೆ ದುಃಖದ ಪಾತ್ರವೂ ಒಪ್ಪುತ್ತದೆ ಎಂದು ಸಾಧಿಸಲು ಅವರು ಪಟ್ಟ ಪಾಡು ಮಾತ್ರ ನಿಂಗಮ್ಮನ ಕಾಲದ ನಟಿಯರಿಗೆ ಪರಿಚಿತವಾದದ್ದೇ.

ಇಂದಿನ ಸ್ಥಿತಿ ಚಿಂತೆ ಹುಟ್ಟಿಸುವಂಥದು. ಪಾರಿಜಾತದ ಹಾಡುಗಳು ಅಚ್ಚಾಗಿವೆ, ಹಾಡುಗಳ ನಡುವಿನ ಮಾತು ಬಹುಪಾಲು ಅಚ್ಚಿನಿಂದ ಹೊರಗೇ ಉಳಿದಿದೆ. ಹೀಗಾಗಿ ಪುಸ್ತಕ ಓದಿದವರಿಗೆ ಭಾಮೆ ಸಿಗುತ್ತಾಳೆ, ಗೊಲ್ಲತಿಯೂ ದೂತಿಯೂ ಅರ್ಧವೇ ಸಿಗುತ್ತಾರೆ. ಆಟ ರಾತ್ರಿಯಿಂದ ವೇದಿಕೆಯ ಒಂದೆರಡು ಗಂಟೆಗೆ ಇಳಿದಾಗ ಮೊದಲು ಕತ್ತರಿ ಬೀಳುವುದೂ ಈ ಮಾತುಗಳಿಗೇ, ಕಥೆಗೆ ಬೇಡದ್ದು ಎಂಬ ನೆಪದಲ್ಲಿ. ಬಾಗಲಕೋಟೆಯಲ್ಲಿರುವ ಕರ್ನಾಟಕ ಬಯಲಾಟ ಅಕಾಡೆಮಿಯೂ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವೂ ಕೈಜೋಡಿಸಿ, ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಲ್ಲಿ ಈಗಲೂ ಬಣ್ಣ ಹಚ್ಚುವ ಹಿರಿಯ ಕಲಾವಿದೆಯರ ಇಡೀ ರಾತ್ರಿಯ ಆಟವನ್ನು ಮಾತು, ಅಣಕು, ಆಹೇರಿ ಸಮೇತ ಧ್ವನಿಮುದ್ರಿಸಿ, ಕಲಾವಿದೆಯರ ಹೆಸರಿನಲ್ಲೇ ಪ್ರಕಟಿಸಬೇಕು.