ಇನ್ನೂರು ಅಡಿ ಎತ್ತರದಿಂದ ಕಂಡದ್ದು

1919ರ ಏಪ್ರಿಲ್ 14. ಅಮೃತಸರದ ಜಲಿಯನ್‌ವಾಲಾ ಬಾಗ್‌ನಲ್ಲಿ ಜನರಲ್ ಡೈಯರ್ ಗುಂಡು ಹಾರಿಸಿ ಒಂದು ದಿನವಷ್ಟೇ ಕಳೆದಿತ್ತು. ಲಾಹೋರಿನಿಂದ ಉತ್ತರಕ್ಕೆ ಸುಮಾರು ಎಪ್ಪತ್ತು ಕಿಲೋಮೀಟರ್ ದೂರದ ಗುಜ್ರಾನ್‌ವಾಲಾ ಪಟ್ಟಣದಲ್ಲಿ ಬೆಳಿಗ್ಗೆ ರೈಲು ಸೇತುವೆಯೊಂದಕ್ಕೆ ಸತ್ತ ಕರುವನ್ನು ನೇತುಹಾಕಿದ್ದು ಕಂಡಿತು. ಹಿಂದೂ-ಮುಸ್ಲಿಮರ ನಡುವೆ ಜಗಳ ಹಚ್ಚಲು ಪೊಲೀಸರೇ ಹೀಗೆ ಮಾಡಿದ್ದಾರೆ ಎಂಬ ಮಾತು ಹಬ್ಬಿತು. ಜನ ರೈಲಿಗೆ ಕಲ್ಲು ತೂರಿದರು, ಸೇತುವೆಗೆ ಬೆಂಕಿ ಇಟ್ಟರು, ತಂತಿ ಕತ್ತರಿಸಿದರು. ಪೊಲೀಸರು ಗುಂಡು ಹಾರಿಸಿದರು. ಮಧ್ಯಾಹ್ನದ ಹೊತ್ತಿಗೆ ಅಂಚೆ ಕಚೇರಿ, ಕೋರ್ಟು, ಚರ್ಚು, ರೈಲು ನಿಲ್ದಾಣ ಹೊತ್ತಿ ಉರಿಯುತ್ತಿದ್ದವು.

ರೈಲು ಹಳಿ ಕೆಟ್ಟಿದ್ದರಿಂದ ಲಾಹೋರಿನಿಂದ ಕೂಡಲೇ ಪಡೆ ಕಳಿಸುವುದು ಕಷ್ಟವಿತ್ತು. ಪಂಜಾಬಿನ ಲೆಫ್ಟಿನೆಂಟ್ ಗವರ್ನರ್ ಮೈಕಲ್ ಓಡ್ವಯರ್ ವಿಮಾನ ಕಳಿಸುವಂತೆ ಕೇಳಿದ. ಮೂರು ಗಂಟೆಯ ಸುಮಾರಿಗೆ ರಾಯಲ್ ಏರ್ ಫೋರ್ಸಿನ ವಿಮಾನಗಳು ಪಟ್ಟಣದ ಮೇಲೆ ಬಂದವು. ಅವುಗಳಲ್ಲಿ ಬಾಂಬುಗಳಿದ್ದವು, ಮಷಿನ್ ಗನ್ನುಗಳಿದ್ದವು. ಕೆಳಗಿದ್ದವರು ಶತ್ರು ಸೈನಿಕರಲ್ಲ, ಸರ್ಕಾರದ್ದೇ ಪ್ರಜೆಗಳು. ನಡೆಯುತ್ತಿದ್ದದ್ದು ಯುದ್ಧವೂ ಅಲ್ಲ, ಗಲಭೆ. ಲಾಠಿ, ಬಂದೂಕು ಹಿಡಿದ ಪೊಲೀಸರು ನೆಲದ ಮೇಲೆ ಮಾಡಬೇಕಾದ ಕೆಲಸವನ್ನು ಆಕಾಶಕ್ಕೆ ವಹಿಸಲಾಗಿತ್ತು.

ಆ ದಿನ ಹಾರಿದವರಲ್ಲಿ ಕಾರ್ಬೆರಿ ಎಂಬ ಅಧಿಕಾರಿಯೂ ಇದ್ದ. ಪಟ್ಟಣದ ಮೇಲೆ ಬಾಂಬು ಹಾಕುವ ಮೊದಲು ಅವನ ಕಣ್ಣಿಗೆ ಬಿದ್ದದ್ದು ಎರಡು ಮೈಲಿ ಆಚೆಯ ಹಳ್ಳಿಯೊಂದರ ಬಳಿ ನಡೆದು ಹೋಗುತ್ತಿದ್ದ ಸುಮಾರು 150 ಜನರ ಗುಂಪು. ಅವರ ಮೇಲೆ ಮೂರು ಬಾಂಬು ಹಾಕಿದ. ಚದುರಿ ಹಳ್ಳಿಯೊಳಗೆ ಓಡಿದವರ ಹಿಂದೆ ಮಷಿನ್ ಗನ್ ಹಾರಿಸಿದ. ಅಲ್ಲಿ ಸತ್ತವರು ಒಬ್ಬ ಹೆಂಗಸು, ಒಬ್ಬ ಹುಡುಗ. ಮುಂದೆ ಖಾಲ್ಸಾ ಹೈಸ್ಕೂಲಿನ ಹಾಸ್ಟೆಲಿನ ಅಂಗಳಕ್ಕೂ ಒಂದು ಬಾಂಬು ಬಿತ್ತು. ಪೊಲೀಸರ ಗುಂಡೂ ಸೇರಿ ಆ ದಿನ ಗುಜ್ರಾನ್‌ವಾಲಾದಲ್ಲಿ ಸುಮಾರು ಹನ್ನೆರಡು ಜನ ಸತ್ತರು, 27 ಜನ ಗಾಯಗೊಂಡರು.

ಮರುದಿನ ಇನ್ನೊಬ್ಬ ಪೈಲಟ್, ಲೆಫ್ಟಿನೆಂಟ್ ಡಾಡ್ಕಿನ್ಸ್, ಹೊಲದಲ್ಲಿದ್ದ ಇಪ್ಪತ್ತು ರೈತರ ಮೇಲೆ ಗುಂಡು ಹಾರಿಸಿದ. ಆಮೇಲೆ ಒಂದು ಮನೆಯ ಮುಂದೆ ಯಾರೋ ಮಾತನಾಡುತ್ತಿರುವುದು, ಸುತ್ತ ಜನ ಸೇರಿರುವುದು ಕಂಡಿತು. ಅಲ್ಲಿಗೂ ಬಾಂಬು ಹಾಕಿದ. ಅದು ಮದುವೆಯ ಗುಂಪೂ ಅಲ್ಲ, ಸಾವಿನ ಮನೆಯ ಗುಂಪೂ ಅಲ್ಲ ಎಂಬುದರಲ್ಲಿ ತನಗೆ ಸಂಶಯವಿರಲಿಲ್ಲ ಎಂದು ವಿಚಾರಣೆಯಲ್ಲಿ ಹೇಳಿದ.

ಈ ವಿವರಗಳು ಉಳಿದುಬಂದಿರುವುದು ಪಂಜಾಬಿನ ಘಟನೆಗಳ ತನಿಖೆಗೆ ನೇಮಕವಾದ ಹಂಟರ್ ಸಮಿತಿಯಿಂದ. ಕಾರ್ಬೆರಿ ಸಮಿತಿಯ ಮುಂದೆ ಏನನ್ನೂ ಮುಚ್ಚಿಡಲಿಲ್ಲ. ತಾನು ಇನ್ನೂರು ಅಡಿ ಎತ್ತರದಲ್ಲಿದ್ದೆ, ಏನು ಮಾಡುತ್ತಿದ್ದೇನೆಂದು ಚೆನ್ನಾಗಿ ಕಾಣುತ್ತಿತ್ತು ಎಂದ. ತಪ್ಪಿತಸ್ಥರು ಯಾರು, ಅಮಾಯಕರು ಯಾರು ಎಂದು ಬೇರ್ಪಡಿಸಲು ಆಗುತ್ತಿರಲಿಲ್ಲ ಎಂದೂ ಹೇಳಿದ. ಕೆಲವರನ್ನು ಕೊಂದರೆ ಉಳಿದವರು ಮತ್ತೆ ಗುಂಪುಗೂಡುವುದಿಲ್ಲ, ಅದು ಜನರ ಹಿತಕ್ಕೇ ಆಗಿತ್ತು ಎಂಬುದು ಅವನ ಸಮರ್ಥನೆ. ಅವನಿಗೆ ಸಿಕ್ಕ ಆದೇಶವೂ ಹಾಗೇ ಇತ್ತು. ಹಳ್ಳಿಗಳ ಬಳಿಯ ಗುಂಪುಗಳು ಗುಜ್ರಾನ್‌ವಾಲಾಕ್ಕೆ ಹೋಗುತ್ತಿದ್ದರೂ ಅಲ್ಲಿಂದ ಬರುತ್ತಿದ್ದರೂ ಚದುರಿಸಬೇಕು. ಪೇಟೆಗೆ ಹೋದವನು ಸಂಜೆ ಮನೆಗೆ ಮರಳಿದರೂ ಗಲಭೆಕೋರನೇ ಎಂದಾಯಿತು.

ಸಮಿತಿಯ ಬಹುಸಂಖ್ಯಾತ ಸದಸ್ಯರು ಆ ತುರ್ತಿನಲ್ಲಿ ವಿಮಾನ ಕಳಿಸಿದ್ದನ್ನು ಒಪ್ಪಿದರು, ಪೈಲಟ್‌ಗಳಿಗೆ ಕೊಟ್ಟ ಸೂಚನೆಗಳು ಸರಿಯಿರಲಿಲ್ಲ ಎಂದರು. ಮೂವರು ಭಾರತೀಯ ಸದಸ್ಯರು, ಮುಂಬಯಿಯ ಚಿಮನ್‌ಲಾಲ್ ಸೆಟಲ್‌ವಾಡ್, ಜಗತ್ ನಾರಾಯಣ್ ಮತ್ತು ಸುಲ್ತಾನ್ ಅಹ್ಮದ್ ಖಾನ್, ಬೇರೆಯೇ ವರದಿ ಬರೆದರು. ಅಷ್ಟರಲ್ಲಿ ಆಗಬೇಕಾದ್ದು ಆಗಿಹೋಗಿತ್ತು. ಸಮಿತಿ ನೇಮಕವಾಗುವ ಮೊದಲೇ, 1919ರ ಸೆಪ್ಟೆಂಬರಿನಲ್ಲಿ, ಅಧಿಕಾರಿಗಳನ್ನು ಮೊಕದ್ದಮೆಗಳಿಂದ ಕಾಪಾಡುವ ಇಂಡೆಮ್ನಿಟಿ ಕಾಯ್ದೆ ಪಾಸಾಗಿತ್ತು. ರಕ್ಷಣೆ ಮೊದಲು ಬಂತು, ವಿಚಾರಣೆ ಆಮೇಲೆ, ನಿಯಮದ ಮಾತು ಕೊನೆಗೆ.

ಇದೇ ಉಪಾಯವನ್ನು ಬ್ರಿಟನ್ ಇರಾಕಿನಲ್ಲಿ ಒಂದು ಆಡಳಿತ ಪದ್ಧತಿಯನ್ನಾಗಿ ಬೆಳೆಸಿತು. 1922ರ ಅಕ್ಟೋಬರಿನಲ್ಲಿ ಅಲ್ಲಿನ ಕಾವಲನ್ನು ಪೂರ್ತಿಯಾಗಿ ವಾಯುಪಡೆಗೆ ವಹಿಸಲಾಯಿತು. ಕಾಲಾಳು ಪಡೆಗಿಂತ ಖರ್ಚು ಕಡಿಮೆ ಎಂಬುದು ದೊಡ್ಡ ಕಾರಣ.

ಸ್ವತಂತ್ರ ದೇಶದ ಪೊಲೀಸರೂ ತಮ್ಮದೇ ನಗರದ ಮೇಲೆ ಇದನ್ನು ಮಾಡಿದ್ದುಂಟು. 1985ರ ಮೇ 13ರಂದು ಅಮೆರಿಕದ ಫಿಲಡೆಲ್ಫಿಯಾದಲ್ಲಿ ‘ಮೂವ್’ ಎಂಬ ಕರಿಯರ ಗುಂಪಿನವರಿದ್ದ ಮನೆಯ ಮೇಲೆ ಪೊಲೀಸರು ಹೆಲಿಕಾಪ್ಟರಿನಿಂದ ಬಾಂಬು ಹಾಕಿದರು. ಹೊತ್ತಿಕೊಂಡ ಬೆಂಕಿಯನ್ನು ಕೂಡಲೇ ಆರಿಸದೆ ಉರಿಯಲು ಬಿಟ್ಟರು. ಐವರು ಮಕ್ಕಳು ಸೇರಿ 11 ಜನ ಸತ್ತರು, 61 ಮನೆಗಳು ಸುಟ್ಟವು. ಜನ ಇದ್ದ ಮನೆಯ ಮೇಲೆ ಬಾಂಬು ಹಾಕಿದ್ದು ಅಕ್ಷಮ್ಯ ಎಂದು ತನಿಖಾ ಆಯೋಗ ಮರುವರ್ಷ ಹೇಳಿತು. ಅಲ್ಲೂ ತೀರ್ಮಾನ ಬಂದದ್ದು ಬೂದಿ ಆರಿದ ಮೇಲೆ.

ಈಗ ಪೈಲಟ್ ವಿಮಾನದಲ್ಲಿ ಕೂರಬೇಕಾಗಿಲ್ಲ. 2015ರಲ್ಲಿ ಅಮೆರಿಕದ ನಾರ್ತ್ ಡಕೋಟ ರಾಜ್ಯ ಪೊಲೀಸ್ ಡ್ರೋನುಗಳ ಬಗ್ಗೆ ಕಾಯ್ದೆ ಮಾಡಿತು. ಯಾವ ಆಯುಧವೂ ಕೂಡದು ಎಂದಿದ್ದ ಮಸೂದೆ ಕಾಯ್ದೆಯಾಗುವ ಹೊತ್ತಿಗೆ ಪ್ರಾಣ ತೆಗೆಯುವ ಆಯುಧ ಮಾತ್ರ ಕೂಡದು ಎಂದಾಗಿತ್ತು. ಅದೇ ವರ್ಷ ಲಖನೌ ಪೊಲೀಸರು ಖಾರದ ಪುಡಿ ಸಿಂಪಡಿಸುವ ಡ್ರೋನುಗಳನ್ನು ಪ್ರದರ್ಶಿಸಿದರು. 2022ರಲ್ಲಿ ಗ್ವಾಲಿಯರ್ ಬಳಿಯ ಟೇಕನ್‌ಪುರದಲ್ಲಿರುವ ಗಡಿ ಭದ್ರತಾ ಪಡೆಯ ಘಟಕ ಡ್ರೋನಿನಿಂದ ಅಶ್ರುವಾಯು ಶೆಲ್ ಬೀಳಿಸುವ ಸಾಧನವನ್ನು ಪರೀಕ್ಷಿಸಿತು. 2024ರ ಫೆಬ್ರವರಿ 13ರಂದು, ಬೆಂಬಲ ಬೆಲೆಗೆ ಕಾನೂನಿನ ಖಾತರಿ ಕೇಳಿ ದಿಲ್ಲಿಗೆ ಹೊರಟ ರೈತರ ಮೇಲೆ ಪಂಜಾಬ್-ಹರಿಯಾಣ ಗಡಿಯ ಶಂಭುವಿನಲ್ಲಿ ಹರಿಯಾಣ ಪೊಲೀಸರು ಡ್ರೋನಿನಿಂದ ಅಶ್ರುವಾಯು ಶೆಲ್ ಬೀಳಿಸಿದರು. ಡ್ರೋನು ತಮ್ಮ ನೆಲದ ಮೇಲೆ ಬಂದಿದೆ ಎಂದು ಪಂಜಾಬಿನ ಪಟಿಯಾಲಾ ಜಿಲ್ಲಾಡಳಿತ ಆಕ್ಷೇಪಿಸಿತು. ರೈತರು ಗಾಳಿಪಟ ಹಾರಿಸಿ ದಾರಕ್ಕೆ ಡ್ರೋನು ಸಿಕ್ಕಿಸಲು ನೋಡಿದರು.

ಅಶ್ರುವಾಯು ಬಾಂಬಲ್ಲ. ಡ್ರೋನು ಬೇಕೆನ್ನುವವರ ವಾದವನ್ನೂ ತಳ್ಳಿಹಾಕುವಂತಿಲ್ಲ. ಕಲ್ಲು ತೂರುವ ಗುಂಪಿನ ಎದುರು ನಿಲ್ಲುವ ಕಾನ್‌ಸ್ಟೇಬಲ್‌ಗೂ ಮನೆಮಕ್ಕಳಿದ್ದಾರೆ. 2016ರ ಜುಲೈನಲ್ಲಿ ಡಲ್ಲಾಸಿನಲ್ಲಿ ಐವರು ಪೊಲೀಸರನ್ನು ಕೊಂದು ಕಟ್ಟಡದೊಳಗೆ ಅವಿತಿದ್ದವನನ್ನು ಸ್ಫೋಟಕ ಹೊತ್ತ ರೋಬಾಟ್ ಕಳಿಸಿ ಕೊಂದಾಗ, ಇನ್ನೊಬ್ಬ ಪೊಲೀಸನ ಜೀವ ಉಳಿಯಿತು ಎಂದು ನಿಟ್ಟುಸಿರು ಬಿಟ್ಟವರು ಬಹಳ. ಕ್ಯಾಮರಾ ಈಗ ಮುಖವನ್ನೂ ಗುರುತಿಸುತ್ತದೆ, ಹಾಗಾಗಿ ತಪ್ಪು ಕಡಿಮೆ ಎಂಬುದು ಮುಂದಿನ ಮಾತು.

ಆದರೆ ಕಾರ್ಬೆರಿಗೆ ಕಣ್ಣಿನ ಕೊರತೆ ಇರಲಿಲ್ಲ. ಅವನಿಗೆ ಚೆನ್ನಾಗಿ ಕಂಡಿತ್ತು. ಅವನಿಗೆ ಗೊತ್ತಾಗದೆ ಹೋದದ್ದು, ಆ ಜನ ಎಲ್ಲಿಗೆ ಹೊರಟಿದ್ದಾರೆ, ಯಾಕೆ ಸೇರಿದ್ದಾರೆ ಎಂಬುದು. ಅದು ತಿಳಿಯಬೇಕಾದರೆ ಇಳಿದು ಕೇಳಬೇಕಿತ್ತು. ನಮ್ಮ ಕಾನೂನು ಇದನ್ನು ಬಲ್ಲದು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 129ನೇ ಕಲಂ, ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 148ನೇ ಕಲಂ, ಅಕ್ರಮ ಕೂಟಕ್ಕೆ ಮೊದಲು ಚದುರಿಹೋಗಿ ಎಂದು ಆಜ್ಞೆ ಕೊಡುವ ಅಧಿಕಾರವನ್ನು ಮ್ಯಾಜಿಸ್ಟ್ರೇಟರಿಗೆ ಅಥವಾ ಠಾಣೆಯ ಅಧಿಕಾರಿಗೆ ಕೊಡುತ್ತದೆ. ಕೇಳದಿದ್ದರೆ, ಅಥವಾ ಚದುರುವುದಿಲ್ಲ ಎಂದು ನಡತೆಯಲ್ಲೇ ತೋರಿಸಿದರೆ, ಬಲಪ್ರಯೋಗ. ಆಜ್ಞೆ ಕೊಡುವವನು ಅಲ್ಲಿರುತ್ತಾನೆ, ಅವನ ಮಾತು ಜನರ ಕಿವಿಗೆ ಬೀಳುತ್ತದೆ, ಜನರ ಮಾತೂ ಅವನ ಕಿವಿಗೆ ಬೀಳಬಹುದು ಎಂಬ ನಂಬಿಕೆಯ ಮೇಲೆ ಆ ಕಲಂ ನಿಂತಿದೆ.

ಸಾನ್ ಫ್ರಾನ್ಸಿಸ್ಕೋದ ನಗರಸಭೆ 2022ರ ನವೆಂಬರಿನಲ್ಲಿ ಕೊಲ್ಲಬಲ್ಲ ರೋಬಾಟುಗಳಿಗೆ ಪೊಲೀಸರಿಗೆ ಅನುಮತಿ ಕೊಟ್ಟು, ನಾಗರಿಕರು ಪ್ರತಿಭಟಿಸಿದ ಮೇಲೆ ಒಂದೇ ವಾರದಲ್ಲಿ ಹಿಂದೆಗೆಯಿತು. ಅಲ್ಲಿ ಚರ್ಚೆ ಆಯುಧ ಹಾರುವ ಮೊದಲೇ ನಡೆದದ್ದರಿಂದ ಅದು ಸಾಧ್ಯವಾಯಿತು. ಶಂಭುವಿನಲ್ಲಿ ಶೆಲ್ ಬಿದ್ದ ಮೇಲೆ ಚರ್ಚೆ ಶುರುವಾಯಿತು. ಪ್ರಾಣ ತೆಗೆಯುವ ಆಯುಧವನ್ನು ಪೊಲೀಸ್ ಡ್ರೋನಿಗೆ ಕಟ್ಟಬಾರದು ಎಂದು ಶಾಸನಸಭೆ ಮೊದಲೇ ಬರೆದಿಡಬೇಕು. ಅಶ್ರುವಾಯುವಿಗಾದರೂ ಆಜ್ಞೆ ಯಾರದು, ಎಚ್ಚರಿಕೆ ಯಾವಾಗ ಕೊಟ್ಟರು, ಡ್ರೋನು ನಡೆಸಿದ ಕೈ ಯಾರದು ಎಂಬುದು ದಾಖಲೆಯಲ್ಲಿ ಇರಬೇಕು. 1919ರಲ್ಲಿ, ಪರರ ಆಳ್ವಿಕೆಯಲ್ಲೂ, ಕಾರ್ಬೆರಿಯನ್ನು ಹೆಸರು ಹಿಡಿದು ಕರೆದು ಎದುರು ಕೂರಿಸಿ ಕೇಳಲು ಸಾಧ್ಯವಾಗಿತ್ತು.