ರಾಣಿಯ ಪ್ರತಿಮೆ, ಕಾಳಿಯ ಕಲ್ಲು

ಬೆಂಗಳೂರಿನ ಕಬ್ಬನ್ ಉದ್ಯಾನದ ಅಂಚಿನಲ್ಲಿ ವಿಕ್ಟೋರಿಯಾ ರಾಣಿಯ ಅಮೃತಶಿಲೆಯ ಪ್ರತಿಮೆಯಿದೆ. ಅಲ್ಲಿಂದ ಕಸ್ತೂರಬಾ ರಸ್ತೆಯಲ್ಲಿ ಸ್ವಲ್ಪ ದೂರ ನಡೆದರೆ ಸಿಗುವ ಸರ್ಕಾರಿ ವಸ್ತುಸಂಗ್ರಹಾಲಯದ ಸಂಗ್ರಹದಲ್ಲಿ ಆತಕೂರಿನ ಶಾಸನಶಿಲೆಯಿದೆ. ಎರಡೂ ಸ್ಮಾರಕಗಳೇ, ಎರಡರ ಹಿಂದೆಯೂ ಪ್ರಭುಸತ್ತೆಯಿದೆ. ಆದರೆ ಒಂದರಲ್ಲಿ ಅರಸಿಯ ಆಕೃತಿಯೇ ಎಲ್ಲವೂ ಆಗಿದ್ದರೆ, ಇನ್ನೊಂದರಲ್ಲಿ ಅರಸನ ಆಕೃತಿಯೇ ಇಲ್ಲ. ಇಂದು ನಾಡು ತನ್ನ ಅಸ್ಮಿತೆಯನ್ನು ಕಂಚಿನಲ್ಲಿಯೂ ಶಿಲೆಯಲ್ಲಿಯೂ ಎತ್ತಿ ನಿಲ್ಲಿಸುತ್ತಿರುವ ಹೊತ್ತಿನಲ್ಲಿ, ಈ ಎರಡು ಕಲ್ಲುಗಳಲ್ಲಿ ನಾವು ಯಾವುದರ ವಾರಸುದಾರರು ಎಂಬ ಪ್ರಶ್ನೆ ಏಳುತ್ತದೆ.

ವಿಕ್ಟೋರಿಯಾ ಪ್ರತಿಮೆಯನ್ನು ರೂಪಿಸಿದವನು ಲಂಡನ್ನಿನ ಸರ್ ಥಾಮಸ್ ಬ್ರಾಕ್. ಬಕಿಂಗ್‌ಹ್ಯಾಮ್ ಅರಮನೆಯ ಎದುರಿನ ವಿಕ್ಟೋರಿಯಾ ಸ್ಮಾರಕವೂ ಇದೇ ಶಿಲ್ಪಿಯದು. ಬೆಂಗಳೂರಿನ ಪ್ರತಿಮೆಯು ಆತ ಇಂಗ್ಲೆಂಡಿನ ವೂಸ್ಟರ್ ನಗರಕ್ಕೆ ಮಾಡಿಕೊಟ್ಟ ಮಾದರಿಯ ಪ್ರತಿರೂಪ. ಸಾಮ್ರಾಜ್ಯದ ನಗರಗಳಿಗೆಲ್ಲ ಒಂದೇ ಮುಖ, ಒಂದೇ ರಾಜದಂಡ, ಒಂದೇ ಗೋಳ ರವಾನೆಯಾಗುತ್ತಿದ್ದ ಕಾಲವದು. ಅಚ್ಚಿನಲ್ಲಿ ಎರಕ ಹೊಯ್ದ ನಾಣ್ಯಕ್ಕೂ ಇಂಥ ಪ್ರತಿಮೆಗೂ ಉದ್ದೇಶದಲ್ಲಿ ಹೆಚ್ಚಿನ ಅಂತರವಿರಲಿಲ್ಲ. 1906ರ ಫೆಬ್ರವರಿ 5ರಂದು ಇದನ್ನು ಅನಾವರಣಗೊಳಿಸಿದವನು ರಾಣಿಯ ಮೊಮ್ಮಗ, ಅಂದಿನ ವೇಲ್ಸ್ ರಾಜಕುಮಾರ, ಮುಂದೆ ಐದನೆಯ ಜಾರ್ಜ್ ಎನಿಸಿದವನು.

ಇದಕ್ಕೆ ಹಣ ಬಂದದ್ದು ಸಾರ್ವಜನಿಕರ ಚಂದಾದಿಂದ. ಸಾಲದೆ ಹೋದುದನ್ನು ನಾಲ್ವಡಿ ಕೃಷ್ಣರಾಜ ಒಡೆಯರು ತುಂಬಿದರು. ಇದನ್ನು ಬರಿಯ ಓಲೈಕೆ ಎಂದು ತಳ್ಳಿಹಾಕುವುದು ಸುಲಭ, ಆದರೆ ಇತಿಹಾಸದ ದೃಷ್ಟಿಯಿಂದ ಸರಿಯಲ್ಲ. 1831ರಿಂದ ಮೈಸೂರಿನ ಆಡಳಿತ ಬ್ರಿಟಿಷ್ ಕಮಿಷನರುಗಳ ಕೈಯಲ್ಲಿತ್ತು. 1858ರ ರಾಣಿಯ ಘೋಷಣೆಯು ದೇಶೀಯ ಸಂಸ್ಥಾನಗಳನ್ನು ನುಂಗುವುದಿಲ್ಲವೆಂಬ ಭರವಸೆ ನೀಡಿತು. ದೀರ್ಘ ಹೋರಾಟದ ಅನಂತರ ದತ್ತುಪುತ್ರನಿಗೆ ರಾಜ್ಯವನ್ನು ಮರಳಿಸುವ ತೀರ್ಮಾನ ಲಂಡನ್ನಿನಲ್ಲಾಯಿತು. 1881ರಲ್ಲಿ ಚಾಮರಾಜೇಂದ್ರ ಒಡೆಯರಿಗೆ ಅಧಿಕಾರ ಹಸ್ತಾಂತರವಾಯಿತು. ಆ ಚಾಮರಾಜೇಂದ್ರರ ಮಗನೇ ನಾಲ್ವಡಿಯವರು. ಅವರ ಪಾಲಿಗೆ ರಾಣಿಯ ಹೆಸರು ಕಳೆದುಹೋಗಲಿದ್ದ ಮನೆಯನ್ನು ಉಳಿಸಿಕೊಟ್ಟ ಹೆಸರು. ಆದರೂ ಪ್ರತಿಮೆ ನಿಂತ ಜಾಗವನ್ನು ಮರೆಯಬಾರದು: ಅದು ಬ್ರಿಟಿಷರು 1881ರಲ್ಲಿಯೂ ಬಿಟ್ಟುಕೊಡದೆ ಇಟ್ಟುಕೊಂಡ ದಂಡುಪ್ರದೇಶದ ಅಂಚು. ಆ ಪ್ರದೇಶ ಮೈಸೂರಿಗೆ ಮರಳಿದ್ದು 1947ರಲ್ಲಿ.

ಇದೇ ಕಾಲದಲ್ಲಿ ಮೈಸೂರು ತನ್ನದೇ ಅಸ್ಮಿತೆಯ ಕಲಾರೂಪಗಳನ್ನೂ ಕಟ್ಟಿಕೊಳ್ಳುತ್ತಿತ್ತು. ಬಸಪ್ಪಶಾಸ್ತ್ರಿಗಳು ರಚಿಸಿದ ‘ಕಾಯೌ ಶ್ರೀಗೌರಿ’ ಸಂಸ್ಥಾನದ ಗೀತೆಯಾಯಿತು. ಬ್ರಿಟಿಷರ ರಾಷ್ಟ್ರಗೀತೆ ರಾಣಿಯನ್ನು ಕಾಪಾಡೆಂದು ದೇವರಲ್ಲಿ ಬೇಡಿದರೆ, ಮೈಸೂರಿನ ಗೀತೆ ಅರಸನನ್ನು ಕಾಪಾಡೆಂದು ಗೌರಿಯಲ್ಲಿ ಬೇಡುತ್ತದೆ. ಚೌಕಟ್ಟು ಎರವಲು, ದೇವತೆ ನಮ್ಮವಳು. ಪ್ರತಿಮಾಶಿಲ್ಪದಲ್ಲಿ ಈ ಮಟ್ಟದ ದೇಶೀಕರಣವೂ ನಡೆಯಲಿಲ್ಲ. ಇಂದು ಲಾಲ್‌ಬಾಗಿನಲ್ಲಿರುವ ಚಾಮರಾಜೇಂದ್ರರ ಅಶ್ವಾರೋಹಿ ಪ್ರತಿಮೆಯನ್ನು ಮಾಡಿದವನು ಇಂಗ್ಲೆಂಡಿನ ಆನ್ಸ್ಲೋ ಫೋರ್ಡ್. 1866ರಲ್ಲಿ ಮಾರ್ಕ್ ಕಬ್ಬನ್‌ನನ್ನು ಕುದುರೆಯ ಮೇಲೆ ಕೂರಿಸಿದ ಮಾರೊಚೆಟ್ಟಿಯ ಶೈಲಿಯೇ ಒಡೆಯರನ್ನೂ ಕುದುರೆಯ ಮೇಲೆ ಕೂರಿಸಿತು. ಅರಸನನ್ನು ಬಯಲಲ್ಲಿ, ಪೀಠದ ಮೇಲೆ, ದಾರಿಹೋಕರೆಲ್ಲ ತಲೆಯೆತ್ತಿ ನೋಡುವಂತೆ ನಿಲ್ಲಿಸುವ ಪದ್ಧತಿ ಹೀಗೆ ನಮ್ಮ ನಗರಗಳಲ್ಲಿ ಬೇರುಬಿಟ್ಟಿತು.

ಇದಕ್ಕೆ ಮೊದಲು ಕನ್ನಡನಾಡು ತನ್ನ ಅರಸರನ್ನು ಕೊಂಡಾಡಲಿಲ್ಲವೆಂದಲ್ಲ. ಹೇರಳವಾಗಿಯೇ ಕೊಂಡಾಡಿತು, ಆದರೆ ಕಾವ್ಯದಲ್ಲಿ, ಶಾಸನದ ಪ್ರಶಸ್ತಿಯಲ್ಲಿ. ಪಂಪನು ಅರಿಕೇಸರಿಯನ್ನು ಅರ್ಜುನನೊಂದಿಗೆ, ರನ್ನನು ಸತ್ಯಾಶ್ರಯನನ್ನು ಭೀಮನೊಂದಿಗೆ ಸಮೀಕರಿಸಿದುದನ್ನು ಸಾಹಿತ್ಯದ ವಿದ್ಯಾರ್ಥಿಗಳು ಬಲ್ಲರು. ಊರ ಬಯಲಿನ ಕಲ್ಲು ಮಾತ್ರ ಬಹುಮಟ್ಟಿಗೆ ಬೇರೆಯವರದಾಗಿತ್ತು.

ಆತಕೂರಿನ ಶಾಸನವನ್ನೇ ನೋಡಬಹುದು. ಶಕವರ್ಷ 872ರ ಈ ಶಾಸನದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನಿದ್ದಾನೆ, ಗಂಗ ಬೂತುಗನಿದ್ದಾನೆ, ತಕ್ಕೋಲದ ಯುದ್ಧವಿದೆ, ಚೋಳ ರಾಜಾದಿತ್ಯನ ಮರಣವಿದೆ. ದಕ್ಷಿಣ ಭಾರತದ ರಾಜಕೀಯವನ್ನೇ ತಿರುಗಿಸಿದ ಘಟನೆ. ಶಿಲ್ಪಿ ಕಲ್ಲಿನ ಮೇಲೆ ಕೆತ್ತಿದ್ದೇನನ್ನು? ಒಂದು ನಾಯಿ ಹಂದಿಯೊಡನೆ ಹೋರಾಡುತ್ತಿರುವುದನ್ನು. ಯುದ್ಧದಲ್ಲಿ ಮೆರೆದ ಮಣಲೆರನು ಮೆಚ್ಚಿದ ಒಡೆಯನಿಂದ ಬೇಡಿ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು. ಅದು ಬೇಟೆಯಲ್ಲಿ ದೊಡ್ಡ ಹಂದಿಯ ಮೇಲೆ ಬಿದ್ದು, ಎರಡೂ ಸತ್ತವು. ಮಣಲೆರನು ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿಯನ್ನೂ ಬಿಟ್ಟ. ಆ ಭೂಮಿಯನ್ನು ನೋಡಿಕೊಳ್ಳುವ ಗೊರವನು ಕಲ್ಲನ್ನು ಪೂಜಿಸದೆ ಉಣ್ಣಬಾರದೆಂಬ ಕಟ್ಟುಪಾಡೂ ಶಾಸನದಲ್ಲಿದೆ. ಚಕ್ರವರ್ತಿಗೆ ಅಕ್ಷರ ಸಂದಿತು, ನಾಯಿಗೆ ಚಿತ್ರವೂ ಪೂಜೆಯೂ ಸಂದವು. ಸ್ಮಾರಕವು ಆಳಿದವರಿಗಲ್ಲ, ಪ್ರಾಣಕೊಟ್ಟವರಿಗೆ ಎಂಬ ವೀರಗಲ್ಲಿನ ತಿಳಿವಳಿಕೆಗೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ದೊರೆಯುವುದು ಕಷ್ಟ.

ಅರಸರಿಗೇ ಸಾಮಾನ್ಯವಾಗಿ ದೊರೆತ ಶಿಲ್ಪಭಂಗಿ ಭಕ್ತನದು. ಯಶವಂತಪುರದಿಂದ ಮಾಕಳಿ, ನೆಲಮಂಗಲಗಳನ್ನು ಹಾದು ತುಮಕೂರಿಗೆ ಹೋಗುವ ಹೆದ್ದಾರಿಯಲ್ಲಿ ಸಾಗಿ, ದಾಬಸ್‌ಪೇಟೆಯಲ್ಲಿ ತಿರುಗಿದರೆ ಶಿವಗಂಗೆ ಸಿಗುತ್ತದೆ. ಅಲ್ಲಿಯ ಗಂಗಾಧರೇಶ್ವರ ದೇಗುಲದಲ್ಲಿ ಬೆಂಗಳೂರಿನ ನಿರ್ಮಾತೃ ಕೆಂಪೇಗೌಡನ ಲೋಹಪ್ರತಿಮೆಯಿದೆ. ಅವನ ಕಾಲಾನಂತರ 1609ರಲ್ಲಿ ಸ್ಥಾಪಿತವಾದದ್ದು. ಅದು ಪೇಟೆಯ ಚೌಕದಲ್ಲಿಲ್ಲ, ದೇವರ ಸನ್ನಿಧಿಯಲ್ಲಿದೆ. ನೋಡುವವರು ಮೊದಲು ನೋಡುವುದು ದೇವರನ್ನು, ಆಮೇಲೆ ನಾಡಪ್ರಭುವನ್ನು.

ಅದೇ ಕೆಂಪೇಗೌಡನ 108 ಅಡಿ ಎತ್ತರದ ಕಂಚಿನ ಪ್ರತಿಮೆ ದೇವನಹಳ್ಳಿಯ ವಿಮಾನನಿಲ್ದಾಣದಲ್ಲಿ ಅನಾವರಣಗೊಂಡದ್ದು 2022ರ ನವೆಂಬರ್ 11ರಂದು. ಶಿಲ್ಪಿ ರಾಮ್ ಸುತಾರ್. ಅದಕ್ಕೆ ಮೊದಲು ರಾಜ್ಯದ ಸಾವಿರಾರು ಊರುಗಳಿಂದ ಮಣ್ಣನ್ನು ಸಂಗ್ರಹಿಸಿ ತರಲಾಯಿತು. ಈ ಮಣ್ಣಿನ ಕಲ್ಪನೆ ನಿಜಕ್ಕೂ ಒಳ್ಳೆಯದು. ಊರುಗಳು ಪ್ರತಿಮೆಯಲ್ಲಿ ಪಾಲು ಪಡೆದವು. ಆದರೆ ಪೀಠ, ಖಡ್ಗ, ಎತ್ತರ, ಅನಾವರಣದ ವಿಧಿ ಇವೆಲ್ಲ ಯಾವ ಪರಂಪರೆಯವು? 1906ರ ಫೆಬ್ರವರಿಯ ಆ ಸಮಾರಂಭದಿಂದ ಇಲ್ಲಿಗೆ ಬಹಳ ದೂರವಿಲ್ಲ.

ಅದೇ ವರ್ಷದ ಸೆಪ್ಟೆಂಬರ್ 8ರಂದು ದೆಹಲಿಯ ಇಂಡಿಯಾ ಗೇಟಿನ ಬಳಿಯ ಮಂಟಪದಲ್ಲಿ ನೇತಾಜಿ ಸುಭಾಷಚಂದ್ರ ಬೋಸರ ಪ್ರತಿಮೆ ಅನಾವರಣಗೊಂಡಿತು. 28 ಅಡಿಯ ಆ ಕರಿಶಿಲೆಯ ವಿಗ್ರಹ ಮೈಸೂರಿನ ಅರುಣ್ ಯೋಗಿರಾಜರ ಕೈಯದು. ಆ ಮಂಟಪದಲ್ಲಿ 1968ರವರೆಗೆ ನಿಂತಿದ್ದವನು ಐದನೆಯ ಜಾರ್ಜ್, ಬೆಂಗಳೂರಿನಲ್ಲಿ ಅಜ್ಜಿಯ ಪ್ರತಿಮೆಯ ಪರದೆ ಸರಿಸಿದ ಅದೇ ರಾಜಕುಮಾರ. ಅನಾವರಣದ ದಿನವೇ ಅವನ ಮೊಮ್ಮಗಳು ಎರಡನೆಯ ಎಲಿಜಬೆತ್ ತೀರಿಕೊಂಡದ್ದು ಕೇವಲ ಕಾಕತಾಳೀಯ. ಆದರೆ ಒಬ್ಬನನ್ನು ಇಳಿಸಿದ ಮಂಟಪವನ್ನೇ ಇನ್ನೊಬ್ಬರಿಗಾಗಿ ಕಾಯ್ದುಕೊಂಡದ್ದು ಕಾಕತಾಳೀಯವಲ್ಲ.

ಜೈನ ಪುರಾಣಕಾರರಿಗೆ ಈ ಸಂಗತಿ ಹೊಸದಾಗಿ ತೋರುತ್ತಿರಲಿಲ್ಲ. ಷಟ್ಖಂಡಗಳನ್ನು ಗೆದ್ದ ಭರತ ಚಕ್ರವರ್ತಿ ತನ್ನ ಪ್ರಶಸ್ತಿಯನ್ನು ಬರೆಸಲೆಂದು ವೃಷಭಾಚಲಕ್ಕೆ ಬರುತ್ತಾನೆ. ತಾನೊಬ್ಬನೇ ಎಂದುಕೊಂಡು ಬಂದವನಿಗೆ ಬೆಟ್ಟದ ತುಂಬ ಹಿಂದಿನ ಚಕ್ರವರ್ತಿಗಳ ಹೆಸರುಗಳೇ ಕಾಣುತ್ತವೆ. ಖಾಲಿ ಜಾಗವಿಲ್ಲ. ಗರ್ವ ಇಳಿದರೂ ಆಸೆ ಇಳಿಯುವುದಿಲ್ಲ. ಒಂದು ಹೆಸರನ್ನು ಅಳಿಸಿ ತನ್ನದನ್ನು ಬರೆಸುತ್ತಾನೆ. ಜಿನಸೇನರ ಪೂರ್ವಪುರಾಣದಲ್ಲಿಯೂ ಪಂಪನ ಆದಿಪುರಾಣದಲ್ಲಿಯೂ ಬರುವ ಈ ಪ್ರಸಂಗವನ್ನು ವೈರಾಗ್ಯದ ಪೀಠಿಕೆಯೆಂದು ಮಾತ್ರ ಪಾಠ ಹೇಳುವುದು ರೂಢಿ. ಅದು ಪ್ರಭುತ್ವದ ಸ್ಮಾರಕಗಳ ಕುರಿತ ಅತ್ಯಂತ ನಿಷ್ಠುರವಾದ ವಿಮರ್ಶೆಯೂ ಹೌದು. ಅದನ್ನು ಬರೆದ ಪಂಪನೇ ಅರಿಕೇಸರಿಯನ್ನು ಹಾಡಿದ ಆಸ್ಥಾನಕವಿಯಾಗಿದ್ದನೆಂಬುದು ಆ ವಿಮರ್ಶೆಯ ತೂಕವನ್ನು ಹೆಚ್ಚಿಸುತ್ತದೆ.

ರಾಣಿಯ ಪ್ರತಿಮೆಯನ್ನು ಕೆಡವಬೇಕೆಂಬ ವಾದಕ್ಕೆ ಇದರಿಂದ ಬೆಂಬಲವೇನೂ ಸಿಗದು. ಅದು ಮೈಸೂರಿನ ಒಂದು ಕಾಲದ ಭಯ ಮತ್ತು ಕೃತಜ್ಞತೆಗಳ ದಾಖಲೆ, ಇದ್ದಲ್ಲಿಯೇ ಇರಲಿ. ಕೊರಗು ಬೇರೆಯದು. ಬೆಂಗಳೂರಿನಿಂದ ವಿಮಾನನಿಲ್ದಾಣದತ್ತ ಹೊರಟವರು ಹಾದುಹೋಗುವ ಹೆಬ್ಬಾಳದಲ್ಲಿ, ಸುಮಾರು ಕ್ರಿ.ಶ. 750ರದೆಂದು ವಿದ್ವಾಂಸರು ನಿರ್ಧರಿಸಿರುವ ವೀರಗಲ್ಲೊಂದು 2018ರವರೆಗೆ ಯಾರ ಗಮನಕ್ಕೂ ಬಾರದೆ ಇತ್ತು. ಹೆಬ್ಬಾಳದ ಹಳೆಯ ಹೆಸರಾದ ಪೆರ್ಬೊಳಲನ್ನು ಉಳಿಸಿಕೊಟ್ಟಿರುವುದು ಆ ಕಲ್ಲು. ಶಾಸನಾಸಕ್ತರು ಮತ್ತು ಸ್ಥಳೀಯರು ಮುತುವರ್ಜಿ ವಹಿಸಿದ್ದರಿಂದ ಅದು ಉಳಿಯಿತು. ನಾಡಿನ ಮೇಲೆ ದಾಳಿ ಬಂದಾಗ ಕಾದಿ ಮಡಿದ ಕಿತ್ತಯ್ಯ ಎಂಬವನು ಅದರಲ್ಲಿ ಆಯುಧ ಹಿಡಿದು ನಿಂತಿದ್ದಾನೆ. ಆಗ ಆಳುತ್ತಿದ್ದ ಗಂಗ ಶ್ರೀಪುರುಷನ ಹೆಸರೂ ಶಾಸನದಲ್ಲಿದೆ, ಕಾಲವನ್ನು ತಿಳಿಸುವುದಕ್ಕಾಗಿ.